ನಲವತ್ತನೇ ಬಾವಿ

ನನ್ನ ಹೆಸರಿನಲ್ಲಿ ಒಂದು ಹನಿ ನೀರಿಲ್ಲ. ಹದಿನಾಲ್ಕನೇ ವಯಸ್ಸಿನಿಂದ ನೀರು ತೆಗೆಯುತ್ತಿದ್ದೇನೆ. ಈಗ ಐವತ್ತೈದು.

ನಮ್ಮೂರಲ್ಲಿ ನೀರಿಗೆ ಪಾಳಿ ಇದೆ. ಇವತ್ತು ಒಬ್ಬರದು, ನಾಳೆ ಇನ್ನೊಬ್ಬರದು. ಪಾಳಿ ಇದ್ದವರ ಹೆಸರು ಮಸೀದಿ ಪಕ್ಕದ ಕೋಣೆಯಲ್ಲಿ, ಚರ್ಮದ ರಟ್ಟಿನ ಪುಸ್ತಕದಲ್ಲಿದೆ. ಅದರಲ್ಲಿ ನಮ್ಮ ಪೈಕಿ ಒಬ್ಬನ ಹೆಸರೂ ಇಲ್ಲ. ನಾವು ಹರ್ತಾನಿಗಳು. ಕಪ್ಪು ಜನ. ಸುರಂಗ ತೋಡುವವರು, ಖರ್ಜೂರದ ಮರ ಹತ್ತುವವರು, ಐದರಲ್ಲೊಂದು ಪಾಲಿಗೆ ಬೇರೆಯವರ ಹೊಲ ಗೇಯುವವರು. ನೀರು ತೋಡಿದವನಿಗೆ ನೀರು ಯಾಕಿಲ್ಲ ಅಂತ ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. ಅಪ್ಪ ಕೆನ್ನೆಗೆ ಹೊಡೆದ. ಅವನಿಗೂ ಉತ್ತರ ಗೊತ್ತಿರಲಿಲ್ಲ ಅಂತ ಬಹಳ ವರ್ಷದ ಮೇಲೆ ತಿಳಿಯಿತು.

ಬೆಟ್ಟದ ಬುಡದಲ್ಲಿ ತಾಯಿ ಬಾವಿ ಇದೆ. ಅಲ್ಲಿಂದ ಊರಿನವರೆಗೆ ನೆಲದೊಳಗೆ ಒಂದು ಸುರಂಗ. ಖತ್ತಾರ ಅನ್ನುತ್ತೇವೆ. ನೀರು ಇಳಿಜಾರಿನಲ್ಲಿ ತನ್ನ ಪಾಡಿಗೆ ಹರಿದು ಊರ ಹತ್ತಿರ ಸುರಂಗದ ಬಾಯಿಂದ ಹೊರಗೆ ಬರುತ್ತದೆ. ಗಾಳಿಗೆ, ಹೂಳೆತ್ತುವುದಕ್ಕೆ ದಾರಿಯುದ್ದಕ್ಕೂ ನಲವತ್ತೆರಡು ಬಾವಿ. ಮೇಲಿಂದ ನೋಡಿದರೆ ಮರಳಿನಲ್ಲಿ ಮಣ್ಣುಗುಡ್ಡೆಗಳ ಸಾಲು, ಅಷ್ಟೇ.

ಒಳಗೆ ಮೊಣಕಾಲಿನವರೆಗೆ ನೀರು. ಬೆನ್ನು ಮೇಲ್ಛಾವಣಿಗೆ ತಾಗುತ್ತದೆ. ಪಿಕಾಸಿಯ ಹಿಡಿ ಅರ್ಧಕ್ಕೆ ಕತ್ತರಿಸಿದ್ದು, ಬೀಸುವಷ್ಟು ಜಾಗವಿಲ್ಲ. ಹೂಳನ್ನು ಟಯರಿನ ಬುಟ್ಟಿಗೆ ತುಂಬಿ ಹಗ್ಗ ಎರಡು ಸಲ ಜಗ್ಗಿದರೆ ಮೇಲಿನವನು ರಾಟೆ ತಿರುಗಿಸುತ್ತಾನೆ. ಬುಟ್ಟಿ ಮೇಲೇರುವಾಗ ಕೆಸರು ತಲೆಯ ಮೇಲೆ ಸುರಿಯುತ್ತದೆ. ದಿನಕ್ಕೆ ನೂರಿಪ್ಪತ್ತು ಬುಟ್ಟಿ. ಉಚ್ಚೆ ಬಂದರೆ ತಡೆದುಕೊಳ್ಳಬೇಕು. ಊರು ಕುಡಿಯುವ ನೀರು ಅದು. ತಡೆದುಕೋ ಅಂತ ಯಾರೂ ಹೇಳಿಲ್ಲ, ನಾವೇ ತಡೆದುಕೊಳ್ಳುತ್ತೇವೆ. ಹತ್ತು ವರ್ಷದಿಂದ ನನ್ನ ಬೆರಳ ತುದಿಗಳಿಗೆ ಏನೂ ತಿಳಿಯುವುದಿಲ್ಲ. ಕುದಿಯುವ ಚಹಾದ ಲೋಟ ಹಿಡಿದು ಕೂತಿರುತ್ತೇನೆ. ನನ್ನ ಹೆಂಡತಿ ಯಮ್ನಾ ಬಂದು ಕಿತ್ತುಕೊಳ್ಳುತ್ತಾಳೆ.

ನಾವು ಬಾವಿಗಳನ್ನು ಸುರಂಗದ ಬಾಯಿ ಕಡೆಯಿಂದ ಎಣಿಸುತ್ತೇವೆ. ಒಳಗೆ ಹೋಗುವವನಿಗೆ ಮೊದಲು ಸಿಗುವುದು ಅದೇ ತಾನೆ. ಕತ್ತಲಲ್ಲಿ ತಲೆಯ ಮೇಲೆ ಬೆಳಕಿನ ಬಿಲ್ಲೆ ಬರುತ್ತದೆ, ಒಂದು. ಮತ್ತೆ ಕತ್ತಲು. ಮತ್ತೊಂದು ಬಿಲ್ಲೆ, ಎರಡು. ಲೆಕ್ಕ ತಪ್ಪಿದವನಿಗೆ ಮೇಲಿನವನು ಬೇರೆ ಬಾವಿಗೆ ಹಗ್ಗ ಬಿಡುತ್ತಾನೆ. ಹಾಗೆ ಸತ್ತವರಿದ್ದಾರೆ.

ನನ್ನ ತಮ್ಮ ಬರ್ಕ ಲೆಕ್ಕ ತಪ್ಪಲಿಲ್ಲ. ಹೋದ ವರ್ಷ ನಲವತ್ತನೇ ಬಾವಿಯ ಹತ್ತಿರ ಮೇಲಿನ ಮಣ್ಣು ಕುಸಿಯಿತು. ಅವನು ಅದರ ಕೆಳಗಿದ್ದ. ನಾನು ಮೂವತ್ತೊಂಬತ್ತನೇ ಬಾವಿಯ ಕೆಳಗಿದ್ದೆ. ಶಬ್ದ ದೊಡ್ಡದಿರಲಿಲ್ಲ. ಹಿಟ್ಟಿನ ಚೀಲ ನೆಲಕ್ಕೆ ಹಾಕಿದ ಹಾಗೆ. ಅವತ್ತು ಮೌಲಾಯ್ ಸ್ಲಿಮಾನರ ಪಾಳಿ. ಪ್ರವಾದಿಯ ವಂಶದವರು ಅನ್ನಿಸಿಕೊಂಡ ಊರಿನ ಶರೀಫರಲ್ಲಿ ದೊಡ್ಡವರು ಅವರು, ನೀರಿನ ಸಂಘದ ಅಧ್ಯಕ್ಷರು. ಕುಸಿದ ಮಣ್ಣಿನ ಪಕ್ಕದಿಂದ ನೀರು ಇನ್ನೂ ಹರಿಯುತ್ತಿತ್ತು. ಅವರು ಬಾವಿಯ ಮೇಲೆ ನಿಂತು, ಎಷ್ಟು ಹೊತ್ತಾಯ್ತು ಅಂತ ಕೇಳಿದರು. ಒಂದು ಗಂಟೆ ಅಂದೆ.

"ಹಾಗಾದ್ರೆ ಸತ್ತಿದಾನೆ ಬಿಡು. ಈಗ ಮಣ್ಣು ಕಲಕಿದ್ರೆ ನನ್ನ ಪಾಳಿ ಪೂರಾ ಕೆಸರು. ಸೂರ್ಯ ಮುಳುಗಿದ ಮೇಲೆ ತೆಗೀರಿ."

ನಾವು ಸೂರ್ಯ ಮುಳುಗುವವರೆಗೆ ಕಾದೆವು.

ಇದನ್ನು ಹೇಳುವಾಗ ನನಗೆ ಅಳು ಬರುವುದಿಲ್ಲ. ಸಿಟ್ಟೂ ಬರುವುದಿಲ್ಲ. ಬೆರಳಿಗೆ ಆದದ್ದು ಒಳಕ್ಕೂ ಇಳಿದಿದೆ ಅಂದುಕೊಂಡಿದ್ದೇನೆ. ನಾವು ಕಾದೆವು, ಅಷ್ಟು ಮಾತ್ರ ನೆನಪಿದೆ.

*

ಸುರಂಗದ ಬಾಯಿಯ ಪಕ್ಕ ಹಳೆಯ ಕಟ್ಟೆ ಸೀಳಿದೆ. ಅದರಿಂದ ನೀರು ಜಿನುಗುತ್ತದೆ. ಜಿನುಗುವ ನೀರಿಗೆ ಪಾಳಿಯಿಲ್ಲ, ಅದು ಪುಸ್ತಕದಲ್ಲಿಲ್ಲ. ಹಾಗಾಗಿ ಅದು ನಮಗೆ ಉಳಿದಿತ್ತು. ಅಲ್ಲಿ ನಮ್ಮ ಆರು ಮನೆಯ ಹೆಂಗಸರು ಚಾಪೆ ಹಾಸಿದಷ್ಟಗಲದ ಪಾತಿ ಮಾಡಿಕೊಂಡಿದ್ದಾರೆ. ಪುದೀನ, ಟರ್ನಿಪ್, ಕುರಿಗೆ ಕುದುರೆ ಮಸಾಲೆ ಸೊಪ್ಪು. ಬರ್ಕ ಹೋದ ಮೇಲೆ ಅವನ ಹೆಂಡತಿ ಝೈದಾ, ಮೂರು ಮಕ್ಕಳು ಬದುಕಿದ್ದು ಆ ಸೊಪ್ಪು ತಿಂದ ಎರಡು ಕುರಿಯ ಮೇಲೆ.

ಖತ್ತಾರದ ನೀರು ವರ್ಷ ವರ್ಷಕ್ಕೆ ಇಳಿಯುತ್ತಿತ್ತು. ರಾಜಧಾನಿ ರಬಾತಿನಿಂದ ಒಬ್ಬ ಹೆಂಗಸನ್ನು ಕಳಿಸಿದರು. ನಜಾತ್ ಅಂತ ಹೆಸರು. ಮರಳುಗಾಡಿನ ನೆಲ, ನೀರು ಉಳಿಸುವ ವಿದ್ಯೆ ಓದಿದವರು. ನೀರಿನ ಡಾಕ್ಟರು ಅಂತ ಜೊತೆಗಾರ ಮಸೂದನಿಗೆ ಹೇಳಿದೆ.

"ನೀರಿಗೆ ಏನು ಕಾಯಿಲೆಯಂತೆ?" ಅಂದ ಮಸೂದ್.

"ಅದನ್ನ ನೋಡೋಕೇ ಬಂದಿರೋದು."

"ನನ್ನ ಸೊಂಟಾನೂ ಒಂಚೂರು ನೋಡ್ತಾರಾ ಕೇಳು."

ಡಾಕ್ಟರಮ್ಮನಿಗೆ ಅದು ಕೇಳಿಸಿತು, ನಕ್ಕರು. ಒಳ್ಳೆಯವರು. ನನ್ನನ್ನು ಚಿಕ್ಕಪ್ಪಾ ಅಂತ ಕರೆದರು. ಮೂರು ಡಬ್ಬಿ ಕೊಟ್ಟರು, ಮುಷ್ಟಿ ಗಾತ್ರದವು. ಮೇಲೆ ಅಂಕಿ: ಮೂರು, ಇಪ್ಪತ್ತು, ನಲವತ್ತು. ಆ ಅಂಕಿಯ ಬಾವಿಯ ಕೆಳಗೆ, ನೀರಿನೊಳಗೆ ಕಟ್ಟಬೇಕು. ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಡಬ್ಬಿಯೇ ಗಳಿಗೆ ಗಳಿಗೆಗೂ ಬರೆದಿಟ್ಟುಕೊಳ್ಳುತ್ತದೆ.

"ನಾನೂ ಇಳೀತೀನಿ ಚಿಕ್ಕಪ್ಪಾ," ಅಂದರು.

ಮೌಲಾಯ್ ಸ್ಲಿಮಾನ್ ಅಲ್ಲೇ ಇದ್ದರು. "ಹೆಂಗಸರು ಇಳಿದ್ರೆ ನೀರು ಹಿಂದಕ್ಕೆ ಸರಿಯುತ್ತೆ ಅಂತಾರೆ ಡಾಕ್ಟರ್. ಜನ ಒಪ್ಪಲ್ಲ. ಮನೇಲಿ ಕುರಿ ಮಾಂಸ ಬೇಯ್ತಾ ಇದೆ, ಬನ್ನಿ. ಇವನು ಮಾಡ್ತಾನೆ. ಇವರಿಗೆ ಅದೇ ಕೆಲಸ, ಇಲಿಗಳ ಹಾಗೆ."

ಅವರು ಊಟಕ್ಕೆ ಹೋದರು. ನಾನು ಇಳಿದೆ. ಬಾಯಿಂದ ಎಣಿಸಿಕೊಂಡು ಹೋದೆ. ಮೂರರಲ್ಲಿ ಮೂರನೇ ಡಬ್ಬಿ. ಇಪ್ಪತ್ತರಲ್ಲಿ ಇಪ್ಪತ್ತು. ನಲವತ್ತರಲ್ಲಿ ನೆತ್ತಿಯ ಮಣ್ಣು ಇನ್ನೂ ಬಿರುಕು ಬಿಟ್ಟಿತ್ತು. ಗೋಡೆಗೆ ಕಬ್ಬಿಣದ ಮೊಳೆ ಹೊಡೆದು ಡಬ್ಬಿ ಕಟ್ಟಿದೆ. ಬರ್ಕ ಸಿಕ್ಕ ಜಾಗದಿಂದ ಒಂದು ಮಾರು ದೂರ.

ಮೂರು ತಿಂಗಳ ಮೇಲೆ ಡಬ್ಬಿಗಳನ್ನು ಬಿಚ್ಚಿ ತಂದು ಕೊಟ್ಟೆ. ಡಾಕ್ಟರಮ್ಮ ರಬಾತಿಗೆ ತೆಗೆದುಕೊಂಡು ಹೋದರು.

*

ವರದಿ ಓದುವ ದಿನ ಮಸೀದಿ ಪಕ್ಕದ ಕೋಣೆ ತುಂಬಿತ್ತು. ಪಾಳಿ ಇದ್ದವರು ಒಳಗೆ, ಕಂಬಳಿಯ ಮೇಲೆ. ನಾನು, ಮಸೂದ್ ಬಾಗಿಲಲ್ಲಿ, ಅವರ ಚಪ್ಪಲಿಗಳ ಹತ್ತಿರ. ಒಳಗೆ ಬಾ ಅಂತ ಯಾರೂ ಯಾವತ್ತೂ ಕರೆದಿಲ್ಲ. ಬರಬೇಡ ಅಂತಲೂ ಯಾರೂ ಹೇಳಬೇಕಾಗಿ ಬಂದಿಲ್ಲ.

ಗೋಡೆಯ ಮೇಲೆ ನಕ್ಷೆ ಬಿತ್ತು. ನಲವತ್ತೆರಡು ಚುಕ್ಕಿ. ಡಾಕ್ಟರಮ್ಮ ಕೋಲಿನಿಂದ ತೋರಿಸಿದರು. "ಇದು ತಾಯಿ ಬಾವಿ, ಒಂದನೇ ನಂಬರು. ಇದು ಸುರಂಗದ ಬಾಯಿ, ಇಲ್ಲಿ ನಲವತ್ತೆರಡು."

ನೀರಿನ ಒಡೆಯರು ಹಾಗೇ ಎಣಿಸುತ್ತಾರೆ ಅಂತ ನನಗೆ ಅವತ್ತು ಗೊತ್ತಾಯಿತು. ನಲವತ್ತೊಂದು ವರ್ಷ ಅವರ ಕೆಲಸ ಮಾಡಿದ್ದೇನೆ. ಅವರು ಇಳಿದವರಲ್ಲ. ನಾವು ಅವರ ಪುಸ್ತಕ ನೋಡಿದವರಲ್ಲ.

ಆಮೇಲೆ ಗೆರೆಗಳು ಬಂದವು. ದಿನಾ ಬೆಳಿಗ್ಗೆ ಹತ್ತಕ್ಕೆ ಗೆರೆ ಕೆಳಗೆ ಬೀಳುತ್ತದೆ, ಸಂಜೆ ನಾಲ್ಕಕ್ಕೆ ಮೇಲೇಳುತ್ತದೆ. ನಲವತ್ತನೇ ಡಬ್ಬಿಯಲ್ಲಿ ದೊಡ್ಡ ಕುಸಿತ. ಇಪ್ಪತ್ತರಲ್ಲಿ ಕಡಿಮೆ. ಮೂರರಲ್ಲಿ ಇದ್ದೂ ಇಲ್ಲದ ಹಾಗೆ.

"ಅಂದ್ರೆ ಮೇಲೆ ನೀರು ಸರಿಯಾಗೇ ಇದೆ. ಬಾಯಿಯ ಹತ್ತಿರ, ಹಗಲು ಹೊತ್ತು ಯಾರೋ ತೆಗೀತಿದಾರೆ," ಅಂದರು.

"ಅಲ್ಲಿ ಹರ್ತಾನಿ ಹೆಂಗಸರ ಪಾತಿ ಇದಾವೆ," ಅಂದರು ಮೌಲಾಯ್ ಸ್ಲಿಮಾನ್. ಮೊದಲೇ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಅದು.

ಮುದುಕನೊಬ್ಬ ಗೋಡೆ ತೋರಿಸಿದ. "ಇಲ್ಲಿ ಎರಡು ದಿನ ಗೆರೆ ಬಿದ್ದೇ ಇಲ್ವಲ್ಲಾ. ಯಾಕೆ?"

"ಮಾರ್ಚ್ ಹನ್ನೊಂದು, ಹನ್ನೆರಡು. ನನಗೂ ಅರ್ಥ ಆಗಿಲ್ಲ," ಅಂದರು ಡಾಕ್ಟರಮ್ಮ.

"ಕಳ್ಳಿಯರಿಗೆ ರಜೆ ಇತ್ತೇನೋ," ಅಂದರು ಮೌಲಾಯ್. ಕೋಣೆ ನಕ್ಕಿತು.

ನಾನು ಬಾಗಿಲಿಂದ ಹೇಳಿದೆ. "ಡಾಕ್ಟರಮ್ಮ, ಆ ನಲವತ್ತು ಅಲ್ಲಿಲ್ಲ."

ಅವರು ತಿರುಗಿದರು. "ಏನಂದ್ರಿ ಚಿಕ್ಕಪ್ಪಾ?"

"ಚಪ್ಪಲಿ ಕಾಯೋನು ನಕ್ಷೆ ಓದ್ತಾನಂತೆ," ಅಂದರು ಮೌಲಾಯ್. ಮತ್ತೆ ನಗು. "ಇಲ್ಲಿ ಪಾಳಿ ಇದ್ದೋರಿಗೆ ಮಾತ್ರ ಮಾತು ಡಾಕ್ಟರ್. ನಮ್ಮಜ್ಜನ ಕಾಲದ ಕಟ್ಟಳೆ. ಏ ಫರಜಿ, ಚಹಾ ನೋಡು ಹೋಗು."

ಡಾಕ್ಟರಮ್ಮ ನನ್ನನ್ನು ನೋಡಿದರು. ಗಡಿಯಾರ ನೋಡಿದರು. ಮುಂದಿನ ಹಾಳೆಗೆ ಹೋದರು.

ನಾನು ಎದ್ದು ಚಹಾ ತಂದೆ. ಇಪ್ಪತ್ತಾರು ಲೋಟ. ಎಲ್ಲರಿಗೂ ಕೊಟ್ಟೆ. ಡಾಕ್ಟರಮ್ಮನ ಕೈಗೂ ಕೊಟ್ಟೆ.

ತೀರ್ಮಾನ ಆಯಿತು. ಕಟ್ಟೆಯ ಸೀಳಿಗೆ ಸಿಮೆಂಟ್ ತುಂಬುವುದು. ಪಾತಿ ತೆಗೆಸುವುದು. ನೀರಿನ ಸಂರಕ್ಷಣೆ ಅಂದರು. ಮುದ್ರೆ ಬಿತ್ತು. ಕೆಲಸ ಯಾರು ಮಾಡಬೇಕು ಅಂತ ಚರ್ಚೆಯೇ ಆಗಲಿಲ್ಲ. "ಬೆಳಿಗ್ಗೆ ಫರಜಿ, ಮಸೂದ್ ಶುರು ಮಾಡ್ತಾರೆ," ಅಂದರು ಮೌಲಾಯ್. ಎಂಟು ಚೀಲ ಸಿಮೆಂಟ್ ಆಗಲೇ ಬಂದು ಬಿದ್ದಿತ್ತು.

ಚಪ್ಪಲಿ ಹಾಕಿಕೊಳ್ಳುವಾಗ ಮೌಲಾಯ್ ನನ್ನ ಹೆಗಲು ಹಿಡಿದುಕೊಂಡರು, ಗೋಡೆ ಹಿಡಿದ ಹಾಗೆ.

*

ಮನೆಯಲ್ಲಿ ಯಮ್ನಾ ಬಾರ್ಲಿ ರೊಟ್ಟಿ ತಟ್ಟುತ್ತಿದ್ದಳು. ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಹತ್ತರಿಂದ ನಾಲ್ಕು ಅಂದ್ರಾ?"

"ಹೂಂ."

"ಎರಡು ದಿನ ಇಲ್ಲ ಅಂದ್ರಾ? ಯಾವಾಗ?"

"ಮಾರ್ಚ್ ಹನ್ನೊಂದು, ಹನ್ನೆರಡು."

ಅವಳು ಹಿಟ್ಟಿನ ಕೈ ಒರೆಸಿಕೊಂಡಳು. ತಾಯಿ ಬಾವಿಯ ಹತ್ತಿರ ಮೌಲಾಯ್ ಸ್ಲಿಮಾನರದು ಹೊಸ ತೋಟ ಇದೆ. ಪೇಟೆಗೆ ಹೋಗುವ ದಪ್ಪ ಖರ್ಜೂರ, ಆರು ನೂರು ಗಿಡ. ನಾಲ್ಕು ವರ್ಷದ ಹಿಂದೆ ಬೋರ್‌ವೆಲ್ ಕೊರೆಸಿದರು, ಸೋಲಾರ್ ಪ್ಲೇಟು ಹಾಕಿಸಿದರು. ಪ್ಲೇಟು ಒರೆಸುವುದು ಯಮ್ನಾ.

"ಆ ಎರಡು ದಿನ ಧೂಳುಗಾಳಿ ಅಲ್ವಾ," ಅಂದಳು. "ಪ್ಲೇಟೇ ಕಾಣ್ತಿರಲಿಲ್ಲ. ಮೋಟರು ಓಡಲಿಲ್ಲ ಅಂತ ಮೇಸ್ತ್ರಿ ನನಗೆ ಬಾಯಿಗೆ ಬಂದ ಹಾಗೆ ಬೈದ. ಗಾಳಿ ಬೀಸೋದೂ ನನ್ನ ತಪ್ಪಾ ಅಂದೆ. ಹೌದು ಅಂದ."

ಧೂಳುಗಾಳಿಯಲ್ಲೂ ನಮ್ಮ ಕಟ್ಟೆ ಜಿನುಗುತ್ತದೆ. ಧೂಳಿಗೆ ನಿಲ್ಲುವುದು ಬಿಸಿಲು ಕುಡಿಯುವ ಮೋಟರು ಒಂದೇ. ಆ ಬೋರ್‌ವೆಲ್ಲಿನಿಂದ ನಾನು ಹೊಡೆದ ಮೊಳೆಗೆ ಇನ್ನೂರು ಹೆಜ್ಜೆ. ನೆಲದೊಳಗೆ ನೀರು ಹಿಂಗಿ ಹೋದಲ್ಲಿ ಮಣ್ಣು ಒಣಗಿ ಬಿರಿಯುತ್ತದೆ. ಬಿರಿದ ಮಣ್ಣು ಬೀಳುತ್ತದೆ.

ಅದನ್ನು ಯಮ್ನಾ ಹೇಳಲಿಲ್ಲ, ನಾನೂ ಹೇಳಲಿಲ್ಲ. "ಝೈದಾಗೆ ಇವತ್ತೇ ಹೇಳ್ಬೇಡ," ಅಂದಳು ಅಷ್ಟೇ.

*

ಬೆಳಿಗ್ಗೆ ಕಟ್ಟೆಯ ಹತ್ತಿರ ಎಲ್ಲರೂ ಇದ್ದರು. ಮೌಲಾಯ್, ಡಾಕ್ಟರಮ್ಮ, ಸಂಘದ ನಾಲ್ಕು ಜನ. ನಮ್ಮ ಹೆಂಗಸರು ಪಾತಿಯ ಬದಿಯಲ್ಲಿ ಕೂತಿದ್ದರು. ಝೈದಾ ಸೊಪ್ಪು ಕೊಯ್ಯುತ್ತಿದ್ದಳು. ಹೇಗೂ ಹೋಗುತ್ತದೆ ಅಂತ ಎಳೆಯದನ್ನೂ ಕೊಯ್ಯುತ್ತಿದ್ದಳು. ಯಾರೋ ಅವಳಿಗೆ ಹೇಳಿಬಿಟ್ಟಿದ್ದರು.

ಮಸೂದ್ ಮರಳು ಕಲಸಲು ಸನಿಕೆ ಎತ್ತಿಕೊಂಡ. ನನ್ನ ಮುಖ ನೋಡಿದ. ನಾನು ಸಿಮೆಂಟ್ ಚೀಲದ ಮೇಲೆ ಕೂತೆ.

"ಏನೋ?" ಅಂದರು ಮೌಲಾಯ್.

"ಮಾಡಲ್ಲ."

"ಮೈ ಹುಷಾರಿಲ್ವಾ?"

"ಮೈ ಚೆನ್ನಾಗಿದೆ. ಮಾಡಲ್ಲ."

ಸೀದಿ ಅಂತ ಸೇರಿಸಲಿಲ್ಲ. ದೊಡ್ಡವರ ಹತ್ತಿರ ಪ್ರತಿ ಮಾತಿನ ಕೊನೆಗೂ ಸೀದಿ ಅನ್ನುವುದು ನಮ್ಮ ನಾಲಿಗೆಗೆ ಅಂಟಿದ್ದು. ಅವತ್ತು ಬರಲಿಲ್ಲ. ಮಸೂದ್ ಸನಿಕೆ ಕೆಳಗಿಟ್ಟ.

"ನಿನ್ನಪ್ಪ ನಮ್ಮನೆ ಎಂಜಲು ತಿಂದು ಬೆಳೆದೋನು."

"ಹೌದು. ನಿಮ್ಮಪ್ಪ ನಮ್ಮಪ್ಪ ತೋಡಿದ ನೀರು ಕುಡಿದು ಬೆಳೆದೋರು."

ನನ್ನ ಎದೆ ಹೊಡೆದುಕೊಳ್ಳುತ್ತದೆ ಅಂದುಕೊಂಡಿದ್ದೆ. ಇಲ್ಲ. ಹೂಳಿನ ಬುಟ್ಟಿ ಹೊತ್ತಾಗಿನಷ್ಟೇ ಇತ್ತು.

ಡಾಕ್ಟರಮ್ಮ ಮುಂದೆ ಬಂದರು. "ನಿನ್ನೆ ಏನೋ ಹೇಳೋಕೆ ಬಂದ್ರಿ ಚಿಕ್ಕಪ್ಪಾ."

"ನಿನ್ನೆ ಕೇಳಬೇಕಿತ್ತು."

"ಕೇಳಬೇಕಿತ್ತು. ಈಗ ಹೇಳಿ."

ಹೇಳಿದೆ. ನಾವು ಸುರಂಗದ ಬಾಯಿ ಕಡೆಯಿಂದ ಎಣಿಸುತ್ತೇವೆ ಅಂದೆ. ನಿಮ್ಮ ನಲವತ್ತನೇ ಡಬ್ಬಿ ಇದ್ದದ್ದು ಇಲ್ಲಲ್ಲ, ತಾಯಿ ಬಾವಿಯಿಂದ ಮೂರನೇದರಲ್ಲಿ. ನಿಮ್ಮ ಮೂರನೇ ಡಬ್ಬಿ ಇದ್ದದ್ದು ಇಲ್ಲಿ, ಈ ಪಾತಿಗಳ ನೆತ್ತಿಯ ಮೇಲೆ. ಅದರಲ್ಲಿ ಗೆರೆ ಬಿದ್ದೇ ಇಲ್ಲ. ಧೂಳುಗಾಳಿ ಎದ್ದ ಎರಡು ದಿನ ಯಾವ ಮೋಟರು ನಿಂತಿತ್ತು ಅಂತ ಪ್ಲೇಟು ಒರೆಸುವವಳನ್ನು ಕೇಳಿ, ಅಲ್ಲೇ ಕೂತಿದ್ದಾಳೆ.

ಡಾಕ್ಟರಮ್ಮ ಹೆಗಲ ಚೀಲದಿಂದ ಹಾಳೆ ತೆಗೆದರು. ತಲೆಕೆಳಗು ಮಾಡಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಾಯಿತು.

"ಸುಳ್ಳು," ಅಂದರು ಮೌಲಾಯ್. "ಹರ್ತಾನಿಗೆ ಇಪ್ಪತ್ತರ ಮೇಲೆ ಎಣಿಸೋಕೆ ಬರಲ್ಲ. ಎಲ್ಲೋ ಕಟ್ಟಿದಾನೆ."

"ಮೊಳೆ ಹೊಡೆದಿದೀನಿ. ಅಲ್ಲೇ ಇದೆ."

"ಇಳಿದು ತೋರಿಸ್ತೀರಾ?" ಅಂದರು ಡಾಕ್ಟರಮ್ಮ.

"ಇಳಿಯಲ್ಲ. ಅಲ್ಲಿ ನನ್ನ ತಮ್ಮನ್ನ ಸಂಜೆವರೆಗೆ ಮಣ್ಣಲ್ಲಿ ಬಿಟ್ಟಿದ್ವಿ. ನಿಮಗೆ ಬೇಕಾದ್ರೆ ನೀವು ಇಳೀರಿ. ಹಗ್ಗ ನಾನು ಹಿಡೀತೀನಿ."

ಗುಡ್ಡೆಗಳ ಸಾಲು ಹಿಡಿದು ಬಿಸಿಲಲ್ಲಿ ಒಂದೂವರೆ ಗಂಟೆ ನಡೆದೆವು. ಪ್ರತಿ ಗುಡ್ಡೆಗೂ ಮಸೂದ್ ಗಟ್ಟಿಯಾಗಿ ಎಣಿಸಿದ. ಇಪ್ಪತ್ತೊಂದು ಬಂದಾಗ ಮೌಲಾಯ್ ಕಡೆ ತಿರುಗಿ, "ಇಪ್ಪತ್ತು ದಾಟಿತು, ಇನ್ಮೇಲೆ ಯಾರಾದ್ರೂ ಓದಿದೋರು ಎಣಿಸ್ರಪ್ಪ," ಅಂದ. ಸಂಘದವರಲ್ಲಿ ಒಬ್ಬ ನಗು ನುಂಗಿಕೊಂಡ.

ನಲವತ್ತರಲ್ಲಿ ನಿಂತೆವು. ಸೋಲಾರ್ ಪ್ಲೇಟುಗಳು ಅಲ್ಲಿಂದ ಕಣ್ಣಿಗೆ ಹೊಡೆಯುತ್ತಿದ್ದವು.

ಡಾಕ್ಟರಮ್ಮ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡರು. ಹೆಂಗಸರು ಇಳಿಯುವ ಮಾತು ಈಗ ಯಾರೂ ಎತ್ತಲಿಲ್ಲ. ಇಪ್ಪತ್ತೆರಡು ಮೊಳ. ಹಗ್ಗ ನನ್ನ ಅಂಗೈಯಲ್ಲಿ ಜಾರುತ್ತಾ ಹೋಯಿತು. ಚರ್ಮ ಕಿತ್ತದ್ದು ಆಮೇಲೆ ರಕ್ತ ನೋಡಿ ಗೊತ್ತಾಯಿತು. ತುಂಬಾ ಹೊತ್ತಿನ ಮೇಲೆ ಎರಡು ಸಲ ಜಗ್ಗಿದರು. ರಾಟೆ ತಿರುಗಿಸಿದೆವು. ತಲೆಯಿಂದ ಕಾಲಿನವರೆಗೆ ಕೆಸರು. ಕೈಯಲ್ಲಿ ನನ್ನ ಮೊಳೆ.

"ನೆತ್ತಿ ಪೂರಾ ಬಿರುಕು ಬಿಟ್ಟಿದೆ," ಅಂದರು. ಹಲ್ಲು ಕಟಕಟ ಅನ್ನುತ್ತಿತ್ತು. "ಇದರ ಕೆಳಗೆ ನಿಮ್ಮನ್ನ ಕಳಿಸಿದ್ನಾ ನಾನು?"

ಹೌದು ಅಂದೆ.

"ವರದಿ ನಂದು. ತಪ್ಪೂ ನಂದು. ತಿದ್ದಿ ಕಳಿಸ್ತೀನಿ."

"ಮುದ್ರೆ ಬಿದ್ದಾಗಿದೆ," ಅಂದರು ಮೌಲಾಯ್ ಸ್ಲಿಮಾನ್. ತಮ್ಮ ತೋಟದ ಕಡೆ ನಡೆದರು.

*

ಒಂದು ತಿಂಗಳಿಗೆ ತಿದ್ದಿದ ವರದಿ ಬಂತು. ಸಂಘದಲ್ಲಿ ಅದನ್ನು ಓದಲಿಲ್ಲ. ನನ್ನ ಹೆಸರಿಗೂ ಒಂದು ಪ್ರತಿ ಕಳಿಸಿದ್ದರು. ಮಸೂದ್ ಅಕ್ಷರ ಕೂಡಿಸಿ ಓದಿದ. ತಾಯಿ ಬಾವಿಯ ಹತ್ತಿರದ ಬೋರ್‌ವೆಲ್ ನಿಲ್ಲಿಸದೆ ಈ ಖತ್ತಾರ ಉಳಿಯುವುದಿಲ್ಲ ಅಂತ ಇತ್ತು. ನಕ್ಷೆಯಲ್ಲಿ ಒಂದರ ಜಾಗದಲ್ಲಿ ನಲವತ್ತೆರಡು, ನಲವತ್ತೆರಡರ ಜಾಗದಲ್ಲಿ ಒಂದು.

ಬೋರ್‌ವೆಲ್ ಓಡುತ್ತಲೇ ಇದೆ. ಯಮ್ನಾಳನ್ನು ಪ್ಲೇಟಿನ ಕೆಲಸದಿಂದ ತೆಗೆದರು. ಐದರಲ್ಲೊಂದು ಪಾಲಿನ ಹೊಲ ನನಗೆ ಯಾರೂ ಕೊಡಲಿಲ್ಲ. ಝೈದಾ ಒಂದು ಕುರಿ ಮಾರಿದಳು. ಸಿಮೆಂಟ್ ಚೀಲಗಳನ್ನು ಯಾರೂ ಮುಟ್ಟಲಿಲ್ಲ. ಜಿನುಗುವ ನೀರಿನ ತೇವಕ್ಕೆ ಅಲ್ಲೇ ಗಟ್ಟಿಯಾದವು. ನಮ್ಮ ಹೆಂಗಸರು ಅವುಗಳ ಮೇಲೆ ಬಟ್ಟೆ ಒಗೆಯತೊಡಗಿದರು.

ಆ ಬೆಳಗಿನ ನಂತರ ನಮ್ಮಲ್ಲಿ ಯಾರೂ ಸುರಂಗಕ್ಕೆ ಇಳಿದಿಲ್ಲ. ಸಭೆ ಸೇರಲಿಲ್ಲ, ಆಣೆ ಮಾಡಿಕೊಳ್ಳಲಿಲ್ಲ. ಹೂಳೆತ್ತುವ ಕಾಲ ಬಂತು, ಯಾರೂ ಪಿಕಾಸಿ ತೆಗೆಯಲಿಲ್ಲ. ಬೇರೆ ಊರಿನ ಹರ್ತಾನಿಗಳನ್ನು ಕರೆಸಿದರು. ಅವರು ಬಂದು, ನಮ್ಮ ಮನೆಯಲ್ಲಿ ರೊಟ್ಟಿ ತಿಂದು, ವಿಷಯ ಕೇಳಿ, ವಾಪಸ್ ಹೋದರು. ಸುರಂಗದ ಬಾಯಲ್ಲಿ ನೀರು ಬೆರಳಿನಷ್ಟಾಯಿತು. ನಮ್ಮ ಪಾತಿಯೂ ಒಣಗಿತು. ಊರಿನ ಹಳೆಯ ಖರ್ಜೂರದ ಮರಗಳ ಗರಿ ಹಳದಿಯಾಯಿತು. ಪಾಳಿ ಇದ್ದವರು ಅಧ್ಯಕ್ಷರ ಮನೆ ಬಾಗಿಲಿಗೆ ದಿನಾ ಹೋಗತೊಡಗಿದರು.

ನಿನ್ನೆ ಮಧ್ಯಾಹ್ನ ಮೌಲಾಯ್ ಸ್ಲಿಮಾನ್ ನಮ್ಮ ಓಣಿಗೆ ಬಂದ. ಅವನು ನಮ್ಮ ಓಣಿಗೆ ಬಂದದ್ದು ನಾನು ಕಂಡ ಹಾಗೆ ಇದೇ ಮೊದಲು. ಬಾಗಿಲಲ್ಲಿ ನಿಂತ. ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನೆಲ ನೋಡಿದ. ಯಮ್ನಾ ಒಳಗೆ ಬನ್ನಿ ಅನ್ನಲಿಲ್ಲ. ನಾನು ಚಾಪೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆ.

"ಮೂರನೇದು ಮತ್ತೆ ಕುಸಿದಿದೆ," ಅಂದ.

ನಾನು ಇನ್ನೊಂದು ಗುಟುಕು ಚಹಾ ಕುಡಿದೆ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಲವತ್ತನೇದು. ನಲವತ್ತನೇದು ಕುಸಿದಿದೆ, ಫರಜಿ."

ಲೋಟ ನನ್ನ ಬೆರಳುಗಳಲ್ಲಿತ್ತು. ಬಿಸಿ ಇತ್ತೋ ಆರಿತ್ತೋ ಗೊತ್ತಾಗಲಿಲ್ಲ.

"ಗೊತ್ತು," ಅಂದೆ.

ಏಳಲಿಲ್ಲ.